ಹುಣಸೆಹಣ್ಣಿನಲ್ಲಿ ತೊಳೆದ ಹತ್ತು ಮೀಟರ್

ನನ್ನ ಕೈಲಿ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದ್ದು ನಮ್ಮಪ್ಪ. ಹೊರಗಿನವರು ಯಾರಾದರೂ ಹೇಳಿದ್ದರೆ ಜಗಳಕ್ಕೆ ನಿಲ್ಲಬಹುದಿತ್ತು. ಅಪ್ಪ ಸಿಟ್ಟಿನಿಂದಲೂ ಹೇಳಲಿಲ್ಲ, ಅಣಕಿಸಿಯೂ ಹೇಳಲಿಲ್ಲ. ಬೆಂಗಳೂರಿನ ಕತ್ರಿಗುಪ್ಪೆಯ ನಮ್ಮ ಮನೆಯ ಮುಂದೆ ಕೂತು, ಯಾರದೋ ಮನೆಯ ಸವೆದ ಒರಳಿಗೆ ಉಳಿಯಿಂದ ಕಚ್ಚು ಹಾಕುತ್ತ, ನಾಳೆ ನಲ್ಲೀಲಿ ನೀರು ಬರಲ್ಲ ಅನ್ನುವ ಹಾಗೆ ಹೇಳಿದ.

"ಪಿಯುಸಿ ಆಯ್ತಲ್ಲ, ಸಾಕು. ಡಿಗ್ರಿ ಗಿಗ್ರಿ ನಮ್ ಮನೇಲಿ ಆಗೋ ಮಾತಲ್ಲ ಕಣೋ."

"ಯಾಕಪ್ಪ ಆಗಲ್ಲ?"

"ಇದುವರ್ಗೂ ಆಗಿಲ್ಲ, ಅದಕ್ಕೆ."

ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಬಂಡೆ ಕೆಲಸದವರು. ಬನಶಂಕರಿ ಎರಡನೇ ಸ್ಟೇಜಿನಲ್ಲಿ ಆಗ ಏಳುತ್ತಿದ್ದ ಮನೆಗಳ ಪಾಯದಲ್ಲಿ ಅಪ್ಪ ಸೀಳಿದ ಕಲ್ಲು ಎಷ್ಟು ಕೂತಿದೆಯೋ ಲೆಕ್ಕವಿಲ್ಲ. ಆ ಮನೆಗಳ ಒಳಗೆ ಓದುವ ಮಕ್ಕಳಿದ್ದರು. ಓದು ಪಾಯದ ಮೇಲಿನ ವಿಷಯ, ನಮ್ಮದು ಪಾಯದ ಕೆಳಗಿನದು ಎಂದು ಅಪ್ಪ ತಿಳಿದಿದ್ದ.

"ಅದ್ ಸರಿ, ಏನ್ ಓದ್ತೀಯ?" ಎಂದು ಕೇಳಿದ.

"ಭೂವಿಜ್ಞಾನ. ಕಲ್ಲು, ಮಣ್ಣು, ಅದಿರು, ಅದೆಲ್ಲ."

ಅಪ್ಪ ಸುತ್ತಿಗೆ ಕೆಳಗಿಟ್ಟು ಅಮ್ಮನನ್ನು ಕೂಗಿದ. "ಕೇಳಿಸ್ಕೊಂಡ್ಯೇನೇ? ಕಲ್ಲು ಓದಕ್ಕೆ ಕಾಲೇಜಿಗೆ ಹೋಗ್ತಾನಂತೆ. ನಾಳೆ ಬಂಡೆ ಹತ್ರ ಬಾರೋ, ನಾನೇ ಹೇಳ್ಕೊಡ್ತೀನಿ."

ಅಮ್ಮ ಒಳಗಿಂದಲೇ ಅಂದಳು, "ನೀವ್ ಹೇಳ್ಕೊಟ್ರೆ ಸರ್ಟಿಫಿಕೇಟ್ ಯಾರ್ ಕೊಡ್ತಾರೆ?"

ಅಪ್ಪ ಮತ್ತೆ ಸುತ್ತಿಗೆ ಎತ್ತಿಕೊಂಡು ಒರಳಿಗೆ ಒಂದು ಸುತ್ತು ಕಚ್ಚು ಹಾಕಿ ಮುಗಿಸಿದ. ಕೊನೆಗೆ ಒಂದು ಷರತ್ತು ಹಾಕಿದ. "ಮೂರ್ ವರ್ಷ ಬಿಡ್ತೀನಿ. ಮೂರು ಅಂದ್ರೆ ಮೂರೇ. ನಾಲ್ಕನೇದು ಅಂತ ಬಂದ್ರೆ ಸುತ್ತಿಗೆ ಹಿಡೀಬೇಕು. ನನ್ ಭುಜನೂ ಕೇಳಲ್ಲ ಅಂತೈತೆ."

ಇದು ಎಪ್ಪತ್ತರ ದಶಕದ ಕೊನೆಯ ಮಾತು.

ಕಲ್ಲು ಓದುವ ಹುಚ್ಚು ನನಗೆ ಹತ್ತಿದ್ದು ಅಪ್ಪನಿಂದ ಅಲ್ಲ, ಅಮ್ಮನಿಂದ. ಅವಳು ಬೆಳಿಗ್ಗೆ ಜಯನಗರದಲ್ಲಿ ಎರಡು ಮನೆಯ ಪಾತ್ರೆ ತೊಳೆದು, ಅಲ್ಲಿಂದ ನಡೆದು ಜೆ.ಪಿ. ನಗರದ ಕೊನೆಗೆ ಹೋಗುತ್ತಿದ್ದಳು. ಅಲ್ಲಿ, ಮನೆಗಳು ಮುಗಿದು ರಾಗಿ ಹೊಲ ಶುರುವಾಗುವ ಜಾಗದಲ್ಲಿ, ಭೂಮಿಯೊಳಗಿನ ಅದಿರು ಹುಡುಕುವ ಒಂದು ಕಚೇರಿಯವರು ಶೀಟಿನ ಶೆಡ್ಡು ಬಾಡಿಗೆಗೆ ಹಿಡಿದಿದ್ದರು. ರಾಜ್ಯದ ಬೇರೆ ಬೇರೆ ಕಡೆ ಕೊರೆದು ತೆಗೆದ ಕಲ್ಲುಗಳು ಪೆಟ್ಟಿಗೆಗಳಲ್ಲಿ ಅಲ್ಲಿಗೆ ಬರುತ್ತಿದ್ದವು. ಗುಡಿಸುವುದು, ಪೆಟ್ಟಿಗೆಯಲ್ಲಿದ್ದ ಹಾಗೇ ಕಲ್ಲುಗಳ ಮೇಲೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸುವುದು ಅಮ್ಮನ ಕೆಲಸ.

ಹೈಸ್ಕೂಲಿನ ರಜೆಯಲ್ಲಿ ಅವಳಿಗೆ ಊಟದ ಡಬ್ಬಿ ಕೊಡಲು ಹೋಗುತ್ತಿದ್ದೆ. ಹೋದವನು ಕೂತುಬಿಡುತ್ತಿದ್ದೆ. ಆ ಕಲ್ಲುಗಳು ಅಪ್ಪನ ಕಲ್ಲುಗಳಂತೆ ಇರಲಿಲ್ಲ. ಉರುಟಾಗಿ, ಕಬ್ಬಿನ ಜಲ್ಲೆಯಷ್ಟು ದಪ್ಪ, ಮುರಿದ ಜಲ್ಲೆಯ ಹಾಗೇ ತುಂಡು ತುಂಡು. ಒಂದು ಪೆಟ್ಟಿಗೆಯಲ್ಲಿ ಐದು ಸಾಲು, ಒಂದು ಸಾಲು ಒಂದು ಮೀಟರು. ಅದಕ್ಕೆ ಕೋರ್ ಎಂದು ಹೆಸರು. ಶೆಡ್ಡಿನ ಅಧಿಕಾರಿ ಒಬ್ಬ ಭೂವಿಜ್ಞಾನಿ, ನಾವೆಲ್ಲ ಅವರನ್ನು ಬರೀ ಸಾರ್ ಎನ್ನುತ್ತಿದ್ದೆವು. ಒಂದು ದಿನ ಅವರೇ ಕರೆದು ತೋರಿಸಿದರು.

"ಪುಸ್ತಕ ಓದ್ತೀಯಲ್ಲ, ಹಂಗೇ ಇದು. ಎಡಗಡೆಯಿಂದ ಶುರು. ಇದು ನೆಲದ ಹತ್ರದ್ದು. ಸಾಲು ಮುಗಿದ್ರೆ ಕೆಳಗಿನ ಸಾಲು. ಹೋಗ್ತಾ ಹೋಗ್ತಾ ಭೂಮಿ ಒಳಗೆ ಇಳೀತಾ ಇರ್ತೀಯ. ಎಲ್ಲಿ ಕಲ್ಲು ಬದಲಾಯ್ತು, ಎಲ್ಲಿ ಅದಿರಿನ ಚುಕ್ಕೆ ಬಂತು, ಎಷ್ಟನೇ ಮೀಟರಲ್ಲಿ ಬಂತು, ಅಷ್ಟನ್ನ ಬರೀಬೇಕು. ಇಷ್ಟೇ ನಮ್ಮ ಕೆಲಸ."

ನೆಲದೊಳಗಿನದು ಸಾಲಾಗಿ ಮಲಗಿರುವುದನ್ನು ನಾನು ಅದೇ ಮೊದಲು ನೋಡಿದ್ದು. ಮನೆಯಲ್ಲಿ ಕಲ್ಲೆಂದರೆ ಭಾರ. ಇಲ್ಲಿ ಅದನ್ನು ಓದುತ್ತಿದ್ದರು.

ಕಾಲೇಜಿನ ಮೂರನೇ ವರ್ಷ ಪ್ರತಿಯೊಬ್ಬರೂ ಒಂದು ವರದಿ ಬರೆಯಬೇಕಿತ್ತು. ಅದಿಲ್ಲದೆ ಡಿಗ್ರಿ ಇಲ್ಲ. ನಾನು ಸಾರ್ ಹತ್ತಿರ ಹೋಗಿ ನಿಂತೆ. ಅವರು ಹಾಸನದ ಕಡೆ ಒಂದು ಕುರುಚಲು ಗುಡ್ಡದಲ್ಲಿ ನಿಕಲ್ ಮತ್ತು ತಾಮ್ರ ಹುಡುಕುತ್ತಿದ್ದ ಕ್ಯಾಂಪಿಗೆ ಚೀಟಿ ಬರೆದುಕೊಟ್ಟರು. "ಮೊದಲು ಹೆಂಗೆ ಕೊರೀತಾರೆ ನೋಡ್ಕೊಂಡ್ ಬಾ. ಆಮೇಲೆ ಅದೇ ಬಾವಿಯ ಎರಡು ಪೆಟ್ಟಿಗೆ ನಿನಗೆ."

ಬಾವಿ ಎಂದರೆ ನೀರಿನ ಬಾವಿಯಲ್ಲ. ಮುಷ್ಟಿ ಇಳಿಯುವಷ್ಟು ಅಗಲದ ತೂತು, ನೂರಾರು ಅಡಿ ಆಳ. ಮೂರು ಕಾಲಿನ ಎತ್ತರದ ಕಬ್ಬಿಣದ ಚೌಕಟ್ಟು, ಕೆಳಗೆ ದಡದಡ ಅನ್ನುವ ಡೀಸೆಲ್ ಇಂಜಿನ್. ತಿರುಗುವ ಕೊಳವೆಯ ತುದಿಯಲ್ಲಿ ವಜ್ರದ ಹರಳು ಕೂರಿಸಿದ ಉಂಗುರದಂಥ ಹಲ್ಲು. ಉಂಗುರ ಸುತ್ತಲಿನ ಕಲ್ಲನ್ನು ಅರೆಯುತ್ತ ಇಳಿದರೆ ನಡುವಿನ ಕಲ್ಲು ಹಾಗೇ ಕೊಳವೆಯೊಳಗೆ ಏರುತ್ತದೆ. ಹಲ್ಲು ಕಾಯದಂತೆ ಸದಾ ನೀರು ಬಿಡುತ್ತಾರೆ. ಅಲ್ಲಿದ್ದ ಎರಡು ವಾರವೂ ನನ್ನ ಕಾಲು ಕೆಸರಿನಲ್ಲೇ.

ಯಂತ್ರ ನಡೆಸುತ್ತಿದ್ದ ಡ್ರಿಲ್ಲರ್ ಅಣ್ಣ ಕೋಲಾರದ ಕಡೆಯವನು. ಒಂದು ಅಂಗೈಯನ್ನು ಯಾವಾಗಲೂ ಯಂತ್ರದ ಹಿಡಿಯ ಮೇಲೆ ಇಟ್ಟಿರುತ್ತಿದ್ದ. ಎಲ್ಲರ ಜೊತೆ ಮಾತಾಡುತ್ತಲೇ ಇದ್ದರೂ ಇದ್ದಕ್ಕಿದ್ದಂತೆ ಸುಮ್ಮನಾಗಿ, "ಕಲ್ಲು ಬದಲಾಯ್ತು, ತಂಬಿ," ಎನ್ನುತ್ತಿದ್ದ. ಅಂಗೈಗೆ ಅದು ತಿಳಿಯುತ್ತಿತ್ತು. ಅಪ್ಪನೂ ಬಂಡೆಗೆ ಸುತ್ತಿಗೆ ತಾಗಿಸಿ ಹೀಗೇ ತಲೆ ವಾರೆ ಮಾಡುವುದು ನನಗೆ ನೆನಪಾಗುತ್ತಿತ್ತು.

ಮೂರು ಮೀಟರಿಗೊಮ್ಮೆ ಕೊಳವೆ ಮೇಲೆತ್ತಿ, ಮರದ ಕೊಡತಿಯಿಂದ ತಟ್ಟಿ, ಕೋರನ್ನು ಈಚೆ ಜಾರಿಸುತ್ತಾರೆ. ಮೊದಲ ದಿನ ನಾನು ಉತ್ಸಾಹದಲ್ಲಿ, ಬಂದ ಹಾಗೇ ಎಡದಿಂದ ಬಲಕ್ಕೆ ಜೋಡಿಸಿಬಿಟ್ಟೆ. ಅಣ್ಣ ನೋಡಿ ಇಂಜಿನ್ ನಿಲ್ಲಿಸಿದ.

"ಏನ್ ತಂಬಿ, ಭೂಮೀನೇ ತಲೆಕೆಳಗ್ ಮಾಡ್ಬಿಟ್ಯಲ್ಲ. ಕೊಳವೆಯಿಂದ ಮೊದ್ಲು ಈಚೆ ಬೀಳೋದು ಕಡೇದು. ಆಳದ್ದು. ಅದು ಬಲಗಡೆ ಹೋಗ್ಬೇಕು. ಕಾಲೇಜಲ್ಲಿ ಇದನ್ ಹೇಳಿಲ್ವಾ?"

ಹೇಳಿರಲಿಲ್ಲ. ಆವತ್ತಿನಿಂದ ಒಂದು ತುಂಡು ಕೈಗೆತ್ತಿಕೊಂಡರೂ ಮೊದಲು ಕೇಳಿಕೊಳ್ಳುತ್ತಿದ್ದೆ: ಇದರ ಮೇಲು ಯಾವುದು, ಕೆಳಗು ಯಾವುದು.

ಮಳೆಗಾಲ ಕಳೆದ ಮೇಲೆ ಆ ಬಾವಿಯ ಪೆಟ್ಟಿಗೆಗಳು ಜೆ.ಪಿ. ನಗರಕ್ಕೆ ಬಂದವು. ಕೋರನ್ನು ಇನ್ನೂ ಸೀಳಿ ಲ್ಯಾಬಿನ ಪರೀಕ್ಷೆಗೆ ಕಳಿಸಿರಲಿಲ್ಲ. ಅದಿರಿನ ಚುಕ್ಕೆ ಹೆಚ್ಚಿದ್ದ ಹತ್ತು ಮೀಟರಿನ ಎರಡು ಪೆಟ್ಟಿಗೆ ನನ್ನ ಪಾಲಿಗೆ ಬಂತು. ಕಾಲೇಜು ಮುಗಿಸಿ ನೇರ ಶೆಡ್ಡಿಗೆ ಹೋಗುತ್ತಿದ್ದೆ. ನೂರ ಹದಿನೇಳು ತುಂಡು. ದರ್ಜಿಯ ಟೇಪಿನಿಂದ ಒಂದೊಂದರ ಉದ್ದ ಅಳೆದೆ. ಹಾಳಾದ ರೇಡಿಯೊದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ಹಿಡಿದು ಯಾವುದು ಎಳೆಯುತ್ತದೆ ನೋಡಿದೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ತುಂಡುಗಳ ಮೇಲೆ ನಂಬರನ್ನೂ, ಆಳವನ್ನೂ, ಕೆಳಬದಿ ತೋರಿಸುವ ಬಾಣದ ಗುರುತನ್ನೂ ಹಾಕಬೇಕು. "ಪೇಂಟಲ್ಲಿ ಹಾಕು," ಎಂದಿದ್ದರು ಸಾರ್. ಪೇಂಟಿನ ಡಬ್ಬಿ ಒಣಗಿತ್ತು. ನಾನು ಕೆಂಪು ಮೇಣದ ಪೆನ್ಸಿಲಿನಲ್ಲಿ ಬರೆದೆ. ಆ ತಪ್ಪು ನನ್ನದು, ಮುಂದಿನದನ್ನು ಹೇಳುವ ಮೊದಲು ಇದನ್ನು ಹೇಳಬೇಕು.

ಪರೀಕ್ಷಕರು ಸೋಮವಾರ ಹತ್ತು ಗಂಟೆಗೆ ಶೆಡ್ಡಿಗೇ ಬಂದು ಕೋರು ನೋಡಿ ಪ್ರಶ್ನೆ ಕೇಳುವುದೆಂದು ಗೊತ್ತಾಯಿತು. ಮನೆಯಲ್ಲಿ ಹೇಳಿದೆ. ಅಮ್ಮ ಪಾತ್ರೆ ಉಜ್ಜುತ್ತಲೇ ಕೇಳಿಸಿಕೊಂಡಳು.

ಶನಿವಾರ ಮಧ್ಯಾಹ್ನ ಶೆಡ್ಡಿಗೆ ಹೋದರೆ ಅಮ್ಮ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಬೂದಿ, ಒಂದು ಬಟ್ಟಲಲ್ಲಿ ನೆನೆಸಿದ ಹುಣಸೆಹಣ್ಣು. ಬಿಸಿಲಿನಲ್ಲಿ ಗೋಣಿಚೀಲ ಹಾಸಿತ್ತು. ಅದರ ಮೇಲೆ ನನ್ನ ಹತ್ತು ಮೀಟರೂ ಒಣಗುತ್ತಿತ್ತು. ಜಯನಗರದ ಮನೆಗಳಲ್ಲಿ ಅವಳು ಪಾತ್ರೆ ಬೋರಲು ಹಾಕುವ ಹಾಗೇ, ದೊಡ್ಡ ದೊಡ್ಡವು ಒಂದು ಕಡೆ, ನಡುವಿನವು ಒಂದು ಕಡೆ, ಚಿಕ್ಕವು ಮುಂದೆ. ಬಹಳ ಚೆಂದ ಕಾಣುತ್ತಿದ್ದವು.

"ಬಾ, ನೋಡು ಹೆಂಗ್ ಹೊಳೀತೈತೆ," ಎಂದಳು. "ತಾಮ್ರ ಐತೆ ಅಂದಿದ್ಯಲ್ಲ, ಕಪ್ಪಿಟ್ಟಿತ್ತು. ಬರೋರು ಏನಂದ್ಕೊಂತಾರೆ? ಆ ಮನೆ ಅಮ್ಮೋರ್ ಹತ್ರ ಹುಣ್ಸೆಹಣ್ಣು ಇಸ್ಕೊಂಡ್ ಬಂದೆ."

"ಅಮ್ಮ, ನಂಬರ್?"

"ಯಾವ್ ನಂಬರ್?"

"ಕಲ್ ಮೇಲೆ ಕೆಂಪಗೆ ಬರ್ದಿದ್ನಲ್ಲ."

"ಅದಾ. ಅದು ಸುಲಭಕ್ಕೆ ಹೋಗ್ಲಿಲ್ಲ ಕಣೋ. ಬೂದಿ ಹಾಕಿ ಉಜ್ಜಿದ್ ಮೇಲೆ ಹೋಯ್ತು."

ನಾನು ಅಲ್ಲೇ ಕೂತೆ. ಅಮ್ಮ ನನ್ನ ಮುಖ ನೋಡಿದಳು, ಗೋಣಿಚೀಲ ನೋಡಿದಳು, ತನ್ನ ಕೈ ನೋಡಿಕೊಂಡಳು. ಬೇರೆ ಪೆಟ್ಟಿಗೆಗಳಿಗೆ ಅವಳು ಎಂದೂ ಹೀಗೆ ಮಾಡಿದವಳಲ್ಲ. ಆಫೀಸಿನ ಕಲ್ಲಿಗೆ ನೀರು ಸಾಕು, ಮಗನ ಕಲ್ಲಿಗೆ ಸಾಲದು ಅನ್ನಿಸಿತ್ತು. "ಎಲ್ಲೆಲ್ಲಿ ಇದ್ವು ಅಂತ ನೆನಪಿರತ್ತೆ ಅನ್ಕೊಂಡೆ," ಎಂದಳು ಮೆಲ್ಲಗೆ. "ಮೊದಲ್ನೇ ಸಾಲು ನೆನಪೈತೆ."

ಸಾರ್ ಈಚೆ ಬಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಒಂದು ತುಂಡು ಎತ್ತಿ ತಿರುಗಿಸಿ ನೋಡಿ ಇಟ್ಟರು.

"ಇದು ಈಗ ಕೋರ್ ಅಲ್ಲಪ್ಪ, ಜಲ್ಲಿ. ಸಾಲು ತಪ್ಪಿದ್ ಮೇಲೆ ಬೇರೆ ಏನೂ ಅಲ್ಲ. ನಾಳೆ ಒಂದು ದಿನ ಇದೆ, ವಾಚ್‌ಮನ್‌ಗೆ ಹೇಳಿರ್ತೀನಿ. ಜೋಡ್ಸೋಕಾದ್ರೆ ಜೋಡ್ಸು. ಆಗ್ಲಿಲ್ಲ ಅಂದ್ರೆ ರಿಪೋರ್ಟ್ ವಾಪಸ್ ತಗೊಂಡು ಮುಂದಿನ ವರ್ಷ ಬರಿ. ಬಂದೋರ ಮುಂದೆ ನಾನು ಸುಳ್ಳು ಹೇಳಲ್ಲ." ಸ್ವಲ್ಪ ತಡೆದು, ಅಮ್ಮನಿಗೆ ಕೇಳಿಸದ ಹಾಗೆ, "ಹಾಳಾಗಿದ್ರೆ ಮೇಲಿನವರಿಗೂ ತಿಳಿಸ್ಬೇಕಾಗತ್ತೆ. ಆಗ ನಿಮ್ಮಮ್ಮನ ಕೆಲಸ ನನ್ನ ಕೈಲಿರಲ್ಲ," ಎಂದರು.

ಮುಂದಿನ ವರ್ಷ ಎಂಬುದು ನನಗಿರಲಿಲ್ಲ. ಮೂರು ಅಂದರೆ ಮೂರೇ.

ಅಮ್ಮನೇ ಅಪ್ಪನಿಗೆ ಹೇಳಿದಳು. ಅಪ್ಪ ಮುದ್ದೆ ಮುರಿಯುತ್ತ ಕೇಳಿದ. ನಾನು ಹೇಳಿರಲಿಲ್ವಾ ಅನ್ನುತ್ತಾನೆ ಎಂದು ಕಾದೆ. ಅನ್ನಲಿಲ್ಲ. ಭಾನುವಾರ ಬೆಳಿಗ್ಗೆ ನೋಡಿದರೆ ಒಗೆದ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಸುತ್ತಿಗೆ.

"ಅದ್ಯಾಕಪ್ಪ?"

"ಕಲ್ ಹತ್ರ ಬರಿಗೈಲಿ ಹೋಗಿ ಅಭ್ಯಾಸ ಇಲ್ಲ."

ಅಮ್ಮ ಸುತ್ತಿಗೆ ಕಿತ್ತುಕೊಂಡು ಒಳಗಿಟ್ಟಳು. ಮೂವರೂ ಬನಶಂಕರಿ ಗುಡಿಯ ಮುಂದೆ ಹಾದು ನಡೆದೆವು. ಅಮ್ಮ ನಿಲ್ಲದೆ ಹೊರಗಿನಿಂದಲೇ ಕೈ ಮುಗಿದಳು.

ಶೆಡ್ಡಿನ ನೆಲದ ಮೇಲೆ ಎಲ್ಲವನ್ನೂ ಹರಡಿಕೊಂಡು ಕೂತೆವು. ನಾನು ನೋಟ್‌ಬುಕ್ಕಿನಿಂದ ಉದ್ದ ಓದುವುದು, ಅಮ್ಮ ಟೇಪು ಹಿಡಿದು ಅಷ್ಟುದ್ದದ್ದು ಹುಡುಕುವುದು. ಅಮ್ಮನಿಗೆ ಅಂಕಿ ಬರುತ್ತಿರಲಿಲ್ಲ, ಟೇಪಿನ ಮೇಲೆ ಹೆಬ್ಬೆರಳಿನ ಉಗುರಿಟ್ಟು ಕೊಡುತ್ತಿದ್ದೆ. ಒಂದೇ ಉದ್ದದವು ನಾಲ್ಕೈದು ಸಿಗುತ್ತಿದ್ದವು. ಆಗ ಅವು ಅಪ್ಪನ ಕೈಗೆ ಹೋಗುತ್ತಿದ್ದವು. ಅಪ್ಪ ಎರಡು ತುಂಡಿನ ಮುರಿದ ತುದಿಗಳನ್ನು ಸೇರಿಸಿ, ಕಣ್ಣು ಮುಚ್ಚಿಕೊಂಡು ನಿಧಾನ ತಿರುಗಿಸುತ್ತಿದ್ದ. ಕೂಡದಿದ್ದರೆ ತಲೆಯಾಡಿಸಿ ಕೆಳಗಿಡುತ್ತಿದ್ದ. ಕೂಡಿದರೆ ಟಕ್ ಎಂದು ಸಣ್ಣ ಸದ್ದು.

"ಕಚ್ಕೊಂತು. ಉಗುರು ಹಾಕ್ ನೋಡು, ಹೋಗತ್ತಾ?"

ಹೋಗುತ್ತಿರಲಿಲ್ಲ. ಕಲ್ಲು ತನ್ನ ಪಕ್ಕದ ಕಲ್ಲಿಗೆ ಬಿಟ್ಟು ಬೇರೆ ಯಾವುದಕ್ಕೂ ಹಾಗೆ ಕೂಡುವುದಿಲ್ಲ. ನಾನು ತಕ್ಷಣ ಪೇಂಟಿನಲ್ಲಿ ನಂಬರು ಬರೆಯುತ್ತಿದ್ದೆ, ಹೊಸ ಡಬ್ಬಿಯನ್ನು ಸಾರ್ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಪ್ರತಿ ಸಲವೂ ಅಪ್ಪ ಕೇಳುತ್ತಿದ್ದ, "ಮೇಲು ಯಾವ್ ಕಡೆ?" ಅಷ್ಟು ಬೇಗ ಕಲಿತಿದ್ದ.

ಮಧ್ಯಾಹ್ನದ ಹೊತ್ತಿಗೆ ಏಳು ಸಾಲು ಆಯಿತು. ಎಂಟನೆಯದರಲ್ಲಿ ನಿಂತೆವು. ಅಲ್ಲೊಂದು ಕಡೆ ಯಂತ್ರ ತಿರುಗುವಾಗ ತುದಿಗಳು ಒಂದಕ್ಕೊಂದು ಉಜ್ಜಿ ಉರುಟಾಗಿ ಸವೆದಿದ್ದವು. ಕಚ್ಚಿಕೊಳ್ಳಲು ಮುರಿದ ಅಂಚೇ ಇಲ್ಲ. ಉದ್ದ ನೋಡಿದರೆ ಮೂರು ತುಂಡು ಒಂದೇ ಸಮ. ಯಾವುದು ಮೊದಲು ಹೇಳುವುದು ಹೇಗೆ?

ಅಪ್ಪ ಮೂರನ್ನೂ ಬೆಳಕಿಗೆ ಹಿಡಿದ. ಮೂರರಲ್ಲೂ ಓರೆಯಾಗಿ ಒಂದು ಬಿಳಿ ಗೆರೆ ಇತ್ತು, ನೂಲಿನಷ್ಟು ಸಣ್ಣದು. ಬಂಡೆ ಸೀಳುವಾಗ ಹೀಗೇ ಗೆರೆಯ ಹಿಂದೆ ಹೋಗುವವನು ಅವನು. ಒಂದರಲ್ಲಿ ಗೆರೆ ಅಂಚಿನ ಹತ್ತಿರ ಶುರುವಾಗಿತ್ತು, ಒಂದರಲ್ಲಿ ನಡುವೆ ಇತ್ತು, ಇನ್ನೊಂದರಲ್ಲಿ ಆಚೆ ಅಂಚಿಗೆ ತಲುಪಿತ್ತು. ಅವನ್ನು ಸಾಲಾಗಿ ಇಟ್ಟು, ನಡುವೆ ಅರ್ಧ ಬೆರಳು ಜಾಗ ಬಿಟ್ಟು, ಅಮ್ಮನ ಸೆರಗಿನಿಂದ ಒಂದು ಎಳೆ ಕೀಳಿಸಿ ಗೆರೆಯ ಮೇಲೆ ಬಿಗಿಯಾಗಿ ಹಿಡಿದ. ಎಳೆ ಮೂರು ಕಲ್ಲಿನ ಮೇಲೂ ಗೆರೆಯನ್ನು ಬಿಡದೆ ನೇರ ಹೋಯಿತು.

"ಸವೆದಿರೋದು ಇಷ್ಟು," ಎಂದ ಅರ್ಧ ಬೆರಳು ತೋರಿಸಿ. "ಕಲ್ ಹೋದ್ರೂ ಗೆರೆ ಎಲ್ಲಿಗೋಗತ್ತೆ?"

ನಾನು ನಂಬರು ಬರೆದೆ.

ಹತ್ತೂ ಸಾಲು ಮುಗಿದಾಗ ಒಂದು ಚೂರು ಉಳಿಯಿತು. ಎಲ್ಲೂ ಕೂಡಲಿಲ್ಲ. ಅಪ್ಪ ಅದನ್ನು ಮೂಸಿ, ಹಲ್ಲಿಗೆ ತಾಗಿಸಿ ನೋಡಿ, ಅಮ್ಮನ ಕಡೆ ತಿರುಗಿದ. "ಲೇ, ಇದು ಹಾಸನದ್ದಲ್ಲ, ನಮ್ ಕತ್ರಿಗುಪ್ಪೆ ಕಲ್ಲು. ಅಂಗಳದ ಜಲ್ಲೀನೂ ಬಿಡ್ದಂಗೆ ತೊಳ್ದಿದೀಯಲ್ಲೇ."

ಅಮ್ಮ ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು.

ಬುತ್ತಿ ಬಿಚ್ಚಿದಾಗ ಅವಳು ಅಂದಳು, "ಒಂದ್ ಮಾತು. ಹುಣ್ಸೆಹಣ್ಣಲ್ಲಿ ಕೆಲವು ಚುಕ್ಕೆ ಹಳದಿ ಆದ್ವು, ಕೆಲವು ಆಗ್ಲೇ ಇಲ್ಲ ಕಣೋ. ಹಳೇ ಕಂಚಿನ ಲೋಟದ ಥರ ಹಂಗೇ ಉಳ್ಕೊಂಡ್ವು." ನೋಡಿದೆ. ನಿಜ. ಕಪ್ಪಿಟ್ಟಿದ್ದಾಗ ನಾನು ಎಲ್ಲವನ್ನೂ ಒಂದೇ ಎಂದು ಬರೆದಿದ್ದೆ. ಈಗ ತಾಮ್ರದ ಅದಿರು ಹಿತ್ತಾಳೆ ಹಳದಿಯಾಗಿ ಬೇರೆ, ಕಂಚಿನ ಬಣ್ಣದ್ದು ಬೇರೆ ಕಾಣುತ್ತಿತ್ತು. ಕಂಚಿನ ಬಣ್ಣದ್ದನ್ನೇ ಅಯಸ್ಕಾಂತ ಎಳೆಯುತ್ತಿದ್ದುದು. ನಿಕಲ್ ಇದ್ದರೆ ಅದರ ಜೊತೆಗೇ ಸೇರಿಕೊಂಡಿರುತ್ತದೆ. ನೋಟ್‌ಬುಕ್ಕಿನಲ್ಲಿ ಎರಡು ಪುಟ ಹೊಡೆದು ಹಾಕಿ ಹೊಸದಾಗಿ ಬರೆದೆ.

"ಇದ್ರಲ್ಲಿ ಎಷ್ಟೈತೆ?" ಅಪ್ಪ ಕೇಳಿದ.

"ಗಣಿ ಮಾಡೋವಷ್ಟು ಇರಲ್ಲ ಅಂತಾರೆ ಸಾರ್."

"ಇಲ್ಲ ಅಂತ ತಿಳ್ಕೊಳಕ್ಕೆ ಅಷ್ಟಾಳ ತೂತು ಹೊಡುದ್ರಾ?"

"ಹೂಂ."

ಅಪ್ಪ ಯೋಚಿಸಿದ. "ಒಳ್ಳೇದೇ. ನಮಗೆ ಬಂಡೆ ಪೂರ್ತಿ ಸೀಳಿದ್ ಮೇಲೆ ಒಳಗೆ ಬಿರುಕೈತೆ ಅಂತ ಗೊತ್ತಾಗೋದು."

ಸೋಮವಾರ ನಮ್ಮ ಮೇಷ್ಟರ ಜೊತೆ ಬಂದ ಪರೀಕ್ಷಕರು ವಯಸ್ಸಾದವರು, ದಪ್ಪ ಕನ್ನಡಕ. ಅವರು ಕೂರುವ ಮೊದಲೇ ನಾನು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಬಗ್ಗಿ, ಬೇರೆ ಬೇರೆ ಸಾಲಿನ ನಡುವಿನಿಂದ ಕೆಲವು ತುಂಡು ಎತ್ತಿ, ಪಕ್ಕದ್ದಕ್ಕೆ ಸೇರಿಸಿ ಉಗುರು ಹಾಕಿ ನೋಡಿದರು. ಕೊರೆಯುವಾಗ ಕ್ಯಾಂಪಿನವರು ಬರೆದಿಟ್ಟಿದ್ದ ಪುಸ್ತಕದ ಜೊತೆ ಆಳ ಹೋಲಿಸಿದರು. ಆಮೇಲೆ ಎಂಟನೇ ಸಾಲಿಗೆ ಬಂದರು.

"ಇಲ್ಲಿ ತುದಿ ಸವೆದಿದೆ. ಇದು ಮೊದಲು ಅಂತ ಹೇಗೆ ಹೇಳ್ತೀರಿ?"

ಬಿಳಿ ಗೆರೆ ತೋರಿಸಿದೆ. ಸೆರಗಿನ ಎಳೆ ಇನ್ನೂ ಪೆಟ್ಟಿಗೆಯಲ್ಲೇ ಇತ್ತು, ಅದನ್ನೂ ಹಿಡಿದು ತೋರಿಸಿದೆ.

"ಇದು ಯಾರ ಐಡಿಯಾ?"

"ನಮ್ಮಪ್ಪನದು ಸಾರ್."

"ಜಿಯಾಲಜಿಸ್ಟಾ?"

"ಬಂಡೆ ಕೆಲಸ ಸಾರ್. ಕತ್ರಿಗುಪ್ಪೆ."

ಅವರು ಎಳೆಯನ್ನು ಇಸಿದುಕೊಂಡು ತಾವೇ ಗೆರೆಯ ಮೇಲೆ ಹಿಡಿದು ನೋಡಿದರು. "ವರದೀಲಿ ಇದನ್ನೂ ಬರೀರಿ. ಹುಣಸೆಹಣ್ಣು ಅಂತಲೇ ಬರೀರಿ, ಮುಚ್ಚಿಡಬೇಡಿ," ಎಂದರು. ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದ ಅಮ್ಮನನ್ನು ಕಂಡು, "ಇನ್ನು ಮೇಲೆ ಬರೀ ನೀರು ಸಾಕಮ್ಮ," ಎಂದರು.

"ಬರೀ ನೀರಲ್ಲಿ ಏನ್ ಹೋಗತ್ತೆ ಸಾರ್," ಎಂದಳು ಅಮ್ಮ.

ಶೆಡ್ಡಿನ ಸಾರ್ ನಗು ತಡೆಯಲು ಕೆಮ್ಮಿ ಮುಖ ತಿರುಗಿಸಿಕೊಂಡರು. ಅಮ್ಮನ ಕೆಲಸ ಉಳಿಯಿತು.

ಆ ಗುಡ್ಡದಲ್ಲಿ ಗಣಿ ಆಗಲಿಲ್ಲ. ನಾನು ಪಾಸಾದೆ, ಸೆಕೆಂಡ್ ಕ್ಲಾಸು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ. ಇದನ್ನು ಎಲ್ಲಿ ಬೇಕಾದರೂ ನಾಚಿಕೆಯಿಲ್ಲದೆ ಹೇಳುತ್ತೇನೆ. ಕಾಲೇಜಿನ ಕಿಟಕಿಯಲ್ಲಿ ಗುಮಾಸ್ತರು ತಲೆಯೆತ್ತದೆ, "ಸೈನ್ ಮಾಡಿ," ಎಂದು ಸರ್ಟಿಫಿಕೇಟ್ ಈಚೆ ತಳ್ಳಿದರು. ಅದನ್ನು ನ್ಯೂಸ್‌ಪೇಪರಿನ ನಡುವೆ ಇಟ್ಟುಕೊಂಡು, ಬಸ್ಸಿನಲ್ಲಿ ನೂಕುನುಗ್ಗಲಿಗೆ ಮಡಿಕೆಯಾದೀತೆಂದು ಕತ್ರಿಗುಪ್ಪೆಯವರೆಗೂ ನಡೆದೇ ಬಂದೆ.

ಅಪ್ಪ ಮನೆ ಮುಂದೆ ಇನ್ಯಾರದೋ ಒರಳಿನ ಮುಂದೆ ಕೂತಿದ್ದ. ಉಳಿ ಕೆಳಗಿಟ್ಟು, ಕೈಯನ್ನು ಪಂಚೆಗೆ ಎರಡೆರಡು ಸಲ ಒರೆಸಿ, ಸರ್ಟಿಫಿಕೇಟನ್ನು ಅಂಚಿನಲ್ಲಿ ಹಿಡಿದುಕೊಂಡ. ಅಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ಅವಳ ಕೈ ನೋಡಿ ಅಪ್ಪ ಅದನ್ನು ಸ್ವಲ್ಪ ಆಚೆ ಸರಿಸಿದ.

"ಮೇಲು ಯಾವ್ ಕಡೆ?" ಎಂದು ನನ್ನನ್ನು ಕೇಳಿದ.

ತೋರಿಸಿದೆ.

"ಇದ್ರಲ್ಲೂ ನಂಬರ್ ಐತಾ?"

"ಐತೆ. ಇಲ್ಲಿ, ಮೂಲೇಲಿ."

ಅಪ್ಪ ಅದರ ಮೇಲೆ ಬೆರಳು ತಾಗಿಸದೆ, ಗಾಳಿಯಲ್ಲೇ ಬೆರಳಾಡಿಸಿ ನಂಬರನ್ನು ಕೊನೆಯವರೆಗೂ ನೋಡಿದ. ಆಮೇಲೆ ನನ್ನ ಕೈಗೆ ವಾಪಸ್ ಕೊಟ್ಟ.

"ಇದನ್ನ ಇನ್ನೊಂದ್ ಕಡೆ ಬರ್ದಿಟ್ಕೊ ಮಗ. ನಿಮ್ಮಮ್ಮ ಮನೇಲವ್ಳೆ."